ಪುಟ್ಟೋ ಪುಟೆಡ್ಡೋ

ನಮ್ಮ ಕಚೇರಿಯಲ್ಲಿ ಗುಮಾಸ್ತನ ಜಾಗ ಒಂದು ಖಾಲಿಯಾಯಿತು. ಏಳು ವರ್ಷದಿಂದ ಜವಾನನಾಗಿದ್ದ ನನಗೇ ಅದು ಬರಬೇಕಿತ್ತು. ನನ್ನಂಥ ಚುರುಕಿನವನು ನಾಲ್ಕು ಹೋಬಳಿ ಹುಡುಕಿದರೂ ಸಿಕ್ಕೋದಿಲ್ಲ. ಆದರೆ ಸಾಹೇಬರ ಬಾಮೈದ ಇಸ್ತ್ರಿ ಅಂಗಿ ತೊಟ್ಟು ಬೆಳಗಿನಿಂದ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಆಗಲೇ ನನಗೆ ಅನುಮಾನ ಬಂತು.

ಚನ್ನವೀರಯ್ಯ ಸಾಹೇಬರು ಒಳಗೆ ಕರೆದರು. “ಗುಮಾಸ್ತ ಆಗೋನಿಗೆ ಇಂಗ್ಲಿಷ್ ಬರಬೇಕು ಕಣಯ್ಯಾ. ‘ನಿನ್ನೆ ಫೈಲನ್ನು ಮೇಜಿನ ಮೇಲೆ ಇಟ್ಟೆ’ ಅನ್ನೋದನ್ನ ಇಂಗ್ಲಿಷಿನಲ್ಲಿ ಬರಿ. ತಪ್ಪಿದರೆ ಜಾಗ ಇಲ್ಲ.”

ನಾನು ‘ಐ ಪುಟ್ ದಿ ಫೈಲ್’ ಅಂತ ಶುರುಮಾಡಿ ಬರೆದುಕೊಟ್ಟೆ.

ಸಾಹೇಬರು ನಕ್ಕರು. “ಇವತ್ತು ಇಟ್ಟರೆ ಪುಟ್. ನಿನ್ನೆ ಇಟ್ಟರೆ ಪುಟೆಡ್. ತಪ್ಪು, ಹೋಗು.”

“ಆಗಲಿ ಸ್ವಾಮಿ. ಹಾಗಂತ ಇದರ ಕೆಳಗೇ ಬರೆದು, ಸಹಿ ಹಾಕಿ, ಸೀಲು ಒತ್ತಿಕೊಡಿ.”

ಎತ್ತಿದ ಪೆನ್ನು ಅಲ್ಲೇ ನಿಂತಿತು. “ಸಹಿ ಯಾಕೋ?”

“ಬೋರ್ಡಿಗೆ ಅಂಟಿಸ್ತೀನಿ. ಉಳಿದ ಜವಾನರೂ ಕಲೀಲಿ.”

ಅವರು ನನ್ನ ಮುಖ ನೋಡಿದರು. ಹಾಳೆ ನೋಡಿದರು. ಮತ್ತೆ ನನ್ನ ಮುಖ ನೋಡಿದರು. “ನಿನಗೆ ಯಾರು ಹೇಳಿಕೊಟ್ಟರು, ನಿಜ ಹೇಳು.”

“ಯಾರೂ ಇಲ್ಲ ಸ್ವಾಮಿ. ಸಹಿ ಇಲ್ಲಿ ಹಾಕಿ.”

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು, ತೆಗೆದರು. ಕೊನೆಗೆ ನನ್ನ ‘ಪುಟ್’ ಪಕ್ಕದಲ್ಲಿ ಸರಿ ಗುರುತು ಹಾಕಿ, “ನಿನ್ನನ್ನ ಪರೀಕ್ಷೆ ಮಾಡಿದೆ ಅಷ್ಟೇ” ಅಂದರು. ಜಾಗ ನನ್ನದಾಯಿತು.

ಅದು ಪುಟ್ಟೋ ಪುಟೆಡ್ಡೋ, ದೇವರಾಣೆ ನನಗೂ ಖಾತ್ರಿ ಇರಲಿಲ್ಲ. ಆದರೆ ಖಾತ್ರಿ ಇಲ್ಲದ್ದಕ್ಕೆ ಯಾವ ಸಾಹೇಬನೂ ಸಹಿ ಹಾಕೋದಿಲ್ಲ ಅನ್ನೋದು, ಫೈಲು ಹೊತ್ತು ಸವೆದ ಈ ಭುಜಕ್ಕೆ ಚೆನ್ನಾಗಿ ಗೊತ್ತಿತ್ತು.