ಖೋ ಖೋ ಅಂಗಳದ ಕ್ಯಾಮೆರಾ

ಶಿಷ್ಯ ಕೇಳಿದ: "ಗುರುಗಳೇ, ಮಠದ ಹಳೆಯ ಓಲೆಗರಿಗಳನ್ನು ಕಾಗದಕ್ಕೆ ಇಳಿಸಲು ದಿನವೂ ಕೂರುತ್ತೇನೆ. ಯಾರಾದರೂ ದೊಡ್ಡವರು ಬಂದರೆ ಎದ್ದು ಓಡುತ್ತೇನೆ. ಎದ್ದರೆ ಕೆಲಸ ಕೆಡುತ್ತದೆ. ಏಳದಿದ್ದರೆ ಹಠಮಾರಿ ಅನ್ನುತ್ತಾರೆ. ಹಠ ಯಾವುದು, ನಿಷ್ಠೆ ಯಾವುದು ಎಂದು ತಿಳಿಯುವುದು ಹೇಗೆ?"

ಗುರುಗಳು ಹೇಳಿದರು: "ಹಠಮಾರಿ ಅನ್ನುವುದು ಬೈಗುಳ ಎಂದು ನಿನಗೆ ಯಾರು ಹೇಳಿಕೊಟ್ಟರು? ಇರಲಿ, ಕೇಳು."

ಒಂದು ಊರಿನಲ್ಲಿ ಒಂದು ಪತ್ರಿಕೆ ಇತ್ತು. ಆಟೋಟಗಳ ಚಿತ್ರ ತೆಗೆಯಲು ಅಲ್ಲಿ ಒಬ್ಬ ಛಾಯಾಗ್ರಾಹಕಿ ಇದ್ದಳು. ಕಚೇರಿಯಲ್ಲಿ ಒಳ್ಳೆಯ ಕ್ಯಾಮೆರಾ ಒಂದೇ. ಸಭೆಗೂ ಅದೇ, ಸಾವಿಗೂ ಅದೇ, ಆಟಕ್ಕೂ ಅದೇ. ಮೂವರ ಕೈಯಲ್ಲಿ ತಿರುಗುತ್ತಿತ್ತು.

ಆ ಕ್ಯಾಮೆರಾ ತಾನೇ ಫೋಕಸ್ ಹಿಡಿಯುತ್ತಿತ್ತು. ಯಾರು ಹತ್ತಿರ ಬಂದರೆ ಅವರನ್ನೇ ಹಿಡಿಯುತ್ತಿತ್ತು. ಸಭೆಗೆ ಅದು ಸರಿ. ಸಭೆಯಲ್ಲಿ ಮುಂದೆ ಬಂದು ನಿಂತವರೇ ದೊಡ್ಡವರು. ಖೋ ಖೋ ಅಂಗಳದಲ್ಲಿ ಅದು ನಡೆಯುವುದಿಲ್ಲ. ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ ಕೂತಿರುತ್ತಾರೆ. ಓಡುವವಳು ಅವರ ಸಂದಿಯಲ್ಲಿ ನುಸುಳುತ್ತಾಳೆ. ಕ್ಯಾಮೆರಾ ಕೂತವಳ ಬೆನ್ನನ್ನು ಹಿಡಿದು ಅಲ್ಲೇ ನಿಲ್ಲುತ್ತಿತ್ತು. ಓಡುವವಳು ಮಸುಕಾಗುತ್ತಿದ್ದಳು.

ಛಾಯಾಗ್ರಾಹಕಿ ಒಂದು ವಾರ ಕೂತು ಅದರ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಿದಳು. ಅಡ್ಡ ಬಂದವರ ಕಡೆಗೆ ಎಷ್ಟು ಬೇಗ ತಿರುಗಬೇಕು ಎಂಬುದಕ್ಕೆ ಅದರಲ್ಲಿ ಒಂದು ಅಳತೆ ಇತ್ತು. ಅದನ್ನು ತೀರ ಕೆಳಗಿಳಿಸಿದಳು. ಓಡುವವಳು ತಟ್ಟನೆ ದಿಕ್ಕು ಬದಲಿಸಿದರೂ ಬಿಡದೆ ಬೆನ್ನು ಹತ್ತುವುದಕ್ಕೆ ಇನ್ನೊಂದು ಅಳತೆ. ಅದನ್ನು ಮೇಲೇರಿಸಿದಳು. ಫೋಕಸ್ ಹಿಡಿಯುವ ಕೆಲಸವನ್ನು ಮೇಲಿನ ಗುಂಡಿಯಿಂದ ತೆಗೆದು ಹಿಂದಿನ ಗುಂಡಿಗೆ ಕೊಟ್ಟಳು. ಹೆಬ್ಬೆರಳು ಹಿಡಿಯಬೇಕು, ತೋರುಬೆರಳು ಚಿತ್ರ ತೆಗೆಯಬೇಕು. ಕಬಡ್ಡಿಗೆ ಬೇರೆ ಅಳತೆ, ನೂರು ಮೀಟರ್ ಓಟಕ್ಕೆ ಬೇರೆ. ಆಟ ಬದಲಾದಂತೆಲ್ಲ ಅವಳು ಸೆಟ್ಟಿಂಗ್ ಬದಲಿಸುತ್ತಿದ್ದಳು.

ಒಂದು ದಿನ ಅವಳು ಅದನ್ನೆಲ್ಲ ಮೊದಲಿನಂತೆ ಮಾಡಿಡಲು ಮರೆತಳು. ಮಾರನೆಯ ದಿನ ಅವಳ ಜೊತೆಗಾರ ಅದೇ ಕ್ಯಾಮೆರಾ ಹಿಡಿದು ಒಂದು ಸನ್ಮಾನಕ್ಕೆ ಹೋದ. ಎಂದಿನಂತೆ ಮೇಲಿನ ಗುಂಡಿ ಒತ್ತಿದ. ಅದು ಫೋಕಸ್ ಹಿಡಿಯುವುದನ್ನು ಬಿಟ್ಟು ಒಂದು ದಿನವಾಗಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಮಸುಕು. ಸನ್ಮಾನಗೊಂಡವರನ್ನು ಅವರ ಹೆಂಡತಿಯೂ ಗುರುತಿಸಲಿಲ್ಲ.

ಸಂಪಾದಕ ಅವಳನ್ನು ಕರೆಸಿದ. "ಮಾಡಿದ ಕಂಪನಿಯವರಿಗಿಂತ ನಿನಗೆ ಜಾಸ್ತಿ ಗೊತ್ತೇನಮ್ಮಾ? ಇನ್ನೊಂದು ಸಲ ಅದರ ಸೆಟ್ಟಿಂಗ್ ಮುಟ್ಟಿದರೆ ಕ್ಯಾಮೆರಾ ಇಲ್ಲಿಟ್ಟು ಮನೆಗೆ ಹೋಗ್ತೀಯ."

ಅವಳು ಹೇಳಿದಳು: "ಮರೆತದ್ದು ನನ್ನ ತಪ್ಪು ಸಾರ್. ಬದಲಿಸಿದ್ದು ತಪ್ಪಲ್ಲ. ಆಟದ ಹೊತ್ತಿಗೆ ಬದಲಿಸೇ ಬದಲಿಸ್ತೀನಿ. ವಾಪಸ್ ಕೊಡುವಾಗ ಮೊದಲಿದ್ದ ಹಾಗೇ ಇರುತ್ತೆ."

ಸ್ವಲ್ಪ ದಿನಕ್ಕೆ ಜಿಲ್ಲೆಯ ಖೋ ಖೋ ಫೈನಲ್ ಬಂತು. ಅದರಲ್ಲಿ ಚಿಕ್ಕತಾಯಿ ಎಂಬ ಹುಡುಗಿ ಆಡುತ್ತಿದ್ದಳು. ಮೂರು ವರ್ಷದಿಂದ ಅವಳದೇ ತಂಡ ಗೆಲ್ಲುತ್ತಿತ್ತು. ಮೂರು ವರ್ಷವೂ ಪತ್ರಿಕೆಯಲ್ಲಿ ಬಂದದ್ದು ಬಹುಮಾನ ಕೊಟ್ಟವರ ಮುಖ. ಚಿಕ್ಕತಾಯಿಯ ಮೊಣಕೈ ಒಂದು ಸಲ ಬಂದಿತ್ತು. ಛಾಯಾಗ್ರಾಹಕಿ ಅಂಗಳದ ಅಂಚಿನಲ್ಲಿ ಮಂಡಿಯೂರಿದಳು. ತನ್ನ ಕೆಲಸ ಇವತ್ತಿಗೆ ಹೋಗಬಹುದು ಎಂದು ಗೊತ್ತಿದ್ದೇ ಸೆಟ್ಟಿಂಗ್ ಬದಲಿಸಿದಳು.

ಕೊನೆಯ ನಿಮಿಷ. ಚಿಕ್ಕತಾಯಿಯ ತಂಡದಲ್ಲಿ ಓಡಲು ಉಳಿದವಳು ಅವಳೊಬ್ಬಳೇ. ಸೀಟಿ ಊದುವವರೆಗೆ ಸಿಕ್ಕಿಬೀಳದಿದ್ದರೆ ಗೆಲುವು. ಮುಖ್ಯ ಅತಿಥಿ ಬಂದದ್ದು ಆಗ. ವೇದಿಕೆಗೆ ದಾರಿ ಹಿಂದಿನಿಂದ ಇತ್ತು. ಅವರು ಹತ್ತು ಜನರನ್ನು ಕಟ್ಟಿಕೊಂಡು ಅಂಗಳದ ಅಂಚಿನಲ್ಲೇ ನಡೆದು ಬಂದರು. ಕ್ಯಾಮೆರಾ ಕಂಡೊಡನೆ ನಡಿಗೆ ನಿಧಾನ ಮಾಡಿದರು. ಅದರ ಮುಂದೆ ನಿಂತು ಕೈ ಮುಗಿದರು. ನಕ್ಕರು ಕೂಡ.

ಛಾಯಾಗ್ರಾಹಕಿ ಹೆಬ್ಬೆರಳು ಎತ್ತಲಿಲ್ಲ. ಕ್ಯಾಮೆರಾ ಅವರ ಕಡೆಗೆ ತಿರುಗಲಿಲ್ಲ, ಚಿಕ್ಕತಾಯಿ ಇದ್ದಷ್ಟೇ ದೂರದಲ್ಲಿ ಕಾಯಿತು. ಅತಿಥಿ ಒಂದು ಹೆಜ್ಜೆ ಸರಿದರು. ಅಷ್ಟು ಸಂದಿಯಲ್ಲಿ ಚಿಕ್ಕತಾಯಿ ಕಂಬ ಹಿಡಿದು ಬಾಗಿ ತಿರುಗುತ್ತಿದ್ದಳು. ತೋರುಬೆರಳು ಒತ್ತಿತು. ಸೀಟಿ ಮೊಳಗಿತು.

ಚಿತ್ರದ ಒಂದು ಬದಿಯಲ್ಲಿ ಬಿಳಿ ಅಂಗಿಯ ಮಸುಕು ಇತ್ತು, ಅದರಲ್ಲಿ ಮುಗಿದ ಕೈ ಇರಬಹುದು ಎನ್ನುವಷ್ಟೇ ಕಾಣುತ್ತಿತ್ತು. ನಡುವೆ ಚಿಕ್ಕತಾಯಿ. ಕಚ್ಚಿದ ಹಲ್ಲು, ಕಂಬದ ಮೇಲಿನ ಕೈ, ಅವಳ ಬೆನ್ನಿಗೆ ಒಂದು ಗೇಣು ದೂರದಲ್ಲಿ ಇನ್ನೊಬ್ಬಳ ಬೆರಳು. ಹಣೆಯ ಬೆವರಿಗೆ ಅಂಟಿದ ಮಣ್ಣೂ ಕಾಣುತ್ತಿತ್ತು.

ಸಂಪಾದಕ ಕೇಳಿದ: "ಸಾಹೇಬರ ಮುಖ ಎಲ್ಲಿ?"

ಅವಳು ಹೇಳಿದಳು: "ಅವರು ಆಡ್ತಿರಲಿಲ್ಲ ಸಾರ್."

ಸಂಪಾದಕ ಮೇಜು ತೋರಿಸಿದ. ಅವಳು ನಿಂತಲ್ಲೇ ಎಲ್ಲ ಸೆಟ್ಟಿಂಗ್‌ಗಳನ್ನೂ ಮೊದಲಿನಂತೆ ಮಾಡಿದಳು. ಈ ಸಲ ಒಂದನ್ನೂ ಮರೆಯಲಿಲ್ಲ. ಮುಚ್ಚಳ ಹಾಕಿ ಕ್ಯಾಮೆರಾ ಇಟ್ಟಳು, ಹೊರಟಳು. ತಲೆ ತಗ್ಗಿಸಲಿಲ್ಲ, ಬೇಡಿಕೊಳ್ಳಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆ ಚಿತ್ರ ಪತ್ರಿಕೆಯಲ್ಲಿ ಬರಲಿಲ್ಲ. ಚಿಕ್ಕತಾಯಿಯ ಮನೆಯ ಗೋಡೆಯ ಮೇಲೆ ಇದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಗುರುಗಳೇ, ಆ ಮುಖ್ಯ ಅತಿಥಿ ಯಾರು?"

ಗುರುಗಳು ಹೇಳಿದರು: "ಓಡಿದವಳ ಹೆಸರು ಹೇಳಿದೆ, ನೀನು ಅಡ್ಡ ಬಂದವನ ಹೆಸರು ಕೇಳುತ್ತೀಯ."