ಫೇಲಾದ ಮುಂಗುಸಿ ಮತ್ತು ನರಿ ಸಾರ್

ಒಂದು ಕಾಡಿನಲ್ಲಿ ಒಂದು ಶಾಲೆ ಇತ್ತು. ಗೋಡೆ ಇರಲಿಲ್ಲ, ಗಂಟೆ ಇರಲಿಲ್ಲ. ಒಂದು ಬಸರಿ ಮರ ಇತ್ತು. ಮರದ ಮೇಲೆ ಮುಸುವಪ್ಪ ಮೇಷ್ಟ್ರು ಇದ್ದರು. ಅಷ್ಟು ಸಾಕಾಗಿತ್ತು.

ಮುಸುವಪ್ಪ ಮೇಷ್ಟ್ರು ಕಪ್ಪು ಮುಖದ, ಉದ್ದ ಬಾಲದ ಮುದಿ ಮುಸುವ. ಮಾತು ಕಡಿಮೆ. ಹಾಲು ಬಿಟ್ಟ ಮರಿಗಳದ್ದು ಕೆಳಗಿನ ತರಗತಿ. ಕೊಂಬು ಕೋರೆ ಬಂದವುಗಳದ್ದು ಮೇಲಿನ ತರಗತಿ. ಎರಡರ ಮಧ್ಯದವು ನಡು ತರಗತಿ. ಆ ವಯಸ್ಸಿನ ಮರಿಗಳಿಗೆ ಕಾಲು ಉದ್ದ, ಬುದ್ಧಿ ಗಿಡ್ಡ. ಅದಕ್ಕೇ ವಸಂತದ ಪಾಠಗಳೆಲ್ಲ ನಡು ತರಗತಿಗೇ ಮೀಸಲು.

ಮುತ್ತುಗ ಹೂಬಿಟ್ಟು ಹೊಂಗೆ ಚಿಗುರಿದರೆ ಪಾಠ ಶುರು. ವಿಜ್ಞಾನದಲ್ಲಿ ಗಾಳಿ ಮತ್ತು ವಾಸನೆ. ಗಣಿತದಲ್ಲಿ ನೆರಳಿನ ಅಳತೆ. ಚರಿತ್ರೆಯಲ್ಲಿ ಹಳೆಯ ಬರಗಾಲಗಳು, ಯಾವ ಹಿಂಡು ಎಲ್ಲಿ ಕೆಟ್ಟಿತು ಎಂಬ ಕಥೆ. ಭಾಷೆಯಲ್ಲಿ ನವಿಲಿನ ಕೂಗು, ಕಾಡುಕೋಳಿಯ ಕೂಗು. ಎಲ್ಲಕ್ಕಿಂತ ಕಷ್ಟದ್ದು, ಯಾರೂ ಕೂಗದೆ ಇದ್ದರೆ ಅದರ ಅರ್ಥ. ಭೂಗೋಳದಲ್ಲಿ ದಾರಿ.

ದಾರಿ ಪಾಠ ಕಡೆಯದು. ಬೇಸಿಗೆ ಬಲಿತರೆ ಕಾಡಿನ ಹೊಂಡ ಬತ್ತುತ್ತಿತ್ತು. ಆಗ ಎಲ್ಲರೂ ಗುಡ್ಡದಾಚೆಯ ಹೊಳೆಮಡುವಿಗೆ ಹೋಗಬೇಕು. ಅಲ್ಲಿ ನೀರು ಆಳ, ಎಂಥ ಬಿಸಿಲಿಗೂ ಬತ್ತದು. ಅಲ್ಲಿಗೆ ಎರಡು ದಾರಿ. ಒಂದು ಗುಡ್ಡದ ನೆತ್ತಿಯ ಮೇಲೆ. ಕಲ್ಲು, ಬಿಸಿಲು, ದೊಡ್ಡ ಬಳಸು. ಇನ್ನೊಂದು ಗುಡ್ಡ ಸೀಳಿದ ಕೊರಕಲಿನಲ್ಲಿ. ನೇರ, ತಂಪು, ಕತ್ತಲೆ. ಪಾಠ ಒಪ್ಪಿಸಿ ಪಾಸಾದ ಮರಿಗಳಿಗೆ ಮಾತ್ರ ಹಿಂಡಿನ ಜೊತೆ ಹೊರಡುವ ಅಪ್ಪಣೆ. ಪಾಠ ಬಾರದ ಮರಿ ದಾರಿಯಲ್ಲಿ ತಪ್ಪು ಹೆಜ್ಜೆ ಇಟ್ಟರೆ ಎಲ್ಲರಿಗೂ ಕುತ್ತು ಎಂದು ಹಿರಿಯರು ಮಾಡಿದ ಕಟ್ಟಳೆ ಅದು.

ಇನ್ನೊಂದು ಕಟ್ಟಳೆಯೂ ಇತ್ತು. ದಾರಿ ಹೇಳಿಕೊಟ್ಟವರು ಎಲ್ಲರಿಗಿಂತ ಮುಂದೆ ನಡೆಯಬೇಕು. ಮುಸುವಪ್ಪ ಮೇಷ್ಟ್ರು ವರ್ಷ ವರ್ಷವೂ ಮುಂದೆ ನಡೆಯುತ್ತಿದ್ದರು. ಈ ಕಟ್ಟಳೆಯ ದೆಸೆಯಿಂದ ಆ ಕಾಡಿನಲ್ಲಿ ಮೇಷ್ಟ್ರಾಗಲು ಯಾರೂ ಮುಗಿಬೀಳುತ್ತಿರಲಿಲ್ಲ.

ನಡು ತರಗತಿಯಲ್ಲಿ ಕೆಂಚಿ ಎಂಬ ಮುಂಗುಸಿ ಮರಿ ಇತ್ತು. ಕೆಂಚು ಮೈ, ಚೂಪು ಮೂತಿ, ಹಟದ ಕಣ್ಣು. ಒಂದು ಪಾಠದ ನಡುವೆ ಇನ್ನೊಂದು ಪಾಠದ ಪ್ರಶ್ನೆ ಕೇಳುವುದು ಅದರ ಚಾಳಿ. ನೆರಳು ಅಳೆಯುವಾಗ, "ಮೇಷ್ಟ್ರೇ, ನೆರಳು ಚಿಕ್ಕದಾದಾಗ ಗಾಳಿ ಯಾಕೆ ಜೋರಾಗತ್ತೆ?" ಎನ್ನುವುದು. ಮೇಷ್ಟ್ರು ಬೈಯುತ್ತಿರಲಿಲ್ಲ. "ನೋಡು," ಎನ್ನುತ್ತಿದ್ದರು. ಬೂರುಗದ ಕಾಯಿ ಒಡೆದು ಎಳೆ ಹತ್ತಿ ಕೈಗೆ ಕೊಡುತ್ತಿದ್ದರು. ಹತ್ತಿ ಬಿಟ್ಟರೆ ಗಾಳಿ ಎತ್ತ ಹೋಗುತ್ತದೆ ಎಂದು ಕಣ್ಣಿಗೇ ಕಾಣುತ್ತಿತ್ತು.

"ಗೊತ್ತಿಲ್ಲದ ಕಡೆ ಹೋಗುವಾಗ ಗಾಳಿ ಮೂಗಿಗೆ ಬಡೀಬೇಕು, ಬಾಲಕ್ಕೆ ಬಡೀಬಾರದು," ಎಂದು ಮೇಷ್ಟ್ರು ಒಂದೇ ಒಂದು ಸಲ ಹೇಳಿದ್ದರು. ಕೆಂಚಿ ಅದನ್ನು ಮರೆಯಲಿಲ್ಲ.

ಆ ವಸಂತದಲ್ಲಿ ಒಂದು ನರಿ ಹಿರಿಯರ ಬಳಿಗೆ ಬಂತು. ಅದೇ ಕಾಡಿನ ನರಿ. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಿ ಏಡಿ ಹಿಡಿಯಲು ಹೋಗುತ್ತಿತ್ತು. ಈಗ ಕೊರಳಿಗೆ ಮುತ್ತುಗದ ಹೂ ಸುತ್ತಿಕೊಂಡು, ನಾನು ಎಲಚಿ ಹಣ್ಣು ಬಿಟ್ಟರೆ ಬೇರೇನೂ ತಿನ್ನುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿತ್ತು.

ಹಿರಿಯರ ಹಿರಿಯ ಕಡವೆ ಗೌಡರು. ನರಿ ಅವರ ಮುಂದೆ ಕೂತು ಕೇಳಿತು: "ಗೌಡ್ರೇ, ಮಕ್ಕಳ ತಲೆಯೋ, ಗುಡಾಣವೋ? ಎಷ್ಟಂತ ತುಂಬೋದು? ಗಾಳಿಯಂತೆ, ನೆರಳಂತೆ, ಅಜ್ಜನ ಕಾಲದ ಬರವಂತೆ. ಪರೀಕ್ಷೆಗೆ ಬೇಕಾದ್ದು ಉತ್ತರ ತಾನೇ? ಉತ್ತರ ನಾನು ಕೊಡ್ತೀನಿ. ಗಿಳಿ ಹಾಗೆ ಒಪ್ಪಿಸ್ತಾರೆ. ಒಂದು ಮರೀನೂ ಫೇಲಾಗಲ್ಲ."

ಗೌಡರ ಮೊಮ್ಮಗ ಹಿಂದಿನ ವರ್ಷ ನೆರಳಿನ ಗಣಿತದಲ್ಲಿ ಮುಗ್ಗರಿಸಿದ್ದ. ಮಾತು ಗೌಡರಿಗೆ ಹಿಡಿಸಿತು. ನರಿಯ ಜೊತೆ ಬಸರಿ ಮರದ ಬುಡಕ್ಕೆ ಬಂದರು.

"ಮೇಷ್ಟ್ರೇ, ನಿಮಗೂ ವಯಸ್ಸಾಯ್ತು. ಇನ್ನು ವಿಶ್ರಾಂತಿ ತಗೊಳ್ಳಿ," ಎಂದರು.

"ನರಿಗೆ ಮರಿಗಳ ಮೇಲೆ ಇಷ್ಟು ಅಕ್ಕರೆ ಯಾಕೆ?" ಎಂದು ಮೇಷ್ಟ್ರು ಕೇಳಿದರು. ಗೌಡರು ಆಗಲೇ ನರಿಯ ಕಡೆ ತಿರುಗಿದ್ದರು. ಮೇಷ್ಟ್ರು ಒಂದು ಕೊಂಬೆ ಮೇಲಕ್ಕೆ ಹತ್ತಿ ಕೂತರು.

ಮರುದಿನ ನರಿ ಬಸರಿ ಮರದ ಬುಡದಲ್ಲಿ ನಿಂತಿತು. "ಮೇಷ್ಟ್ರೇ ಅನ್ನೋದು ಹಳೇ ಕಾಲ. ಸಾರ್ ಅನ್ನಿ," ಎಂದಿತು.

"ಸಾರ್," ಎಂದವು ಮರಿಗಳು.

ನರಿ ಸಾರ್ ಪಾಠಗಳಿಗೆ ಬೇಲಿ ಹಾಕಿತು. ಗಾಳಿಯ ದಿನ ಗಾಳಿ ಮಾತ್ರ. ದಾರಿಯ ದಿನ ದಾರಿ ಮಾತ್ರ. ಒಂದರೊಳಗೆ ಇನ್ನೊಂದನ್ನು ಬೆರೆಸಿದವರಿಗೆ ಬಿಸಿಲಿನಲ್ಲಿ ಒಂಟಿಕಾಲು. ಕೆಂಚಿಗೆ ಒಂಟಿಕಾಲು ಅಭ್ಯಾಸವಾಗಿಹೋಯಿತು.

ಹೊಂಡದ ನೀರು ಇಳಿಯುತ್ತ ಬಂತು. ಅಂಚಿನ ಕೆಸರು ಒಡೆಯಿತು. ಪರೀಕ್ಷೆಯ ದಿನ ಬಂತು. ತಾಯಂದಿರು ಸುತ್ತ ಕೂತರು. ಗೌಡರು ನಡುವೆ ನಿಂತರು.

"ಹೊಳೆಮಡುವಿಗೆ ಒಳ್ಳೇ ದಾರಿ ಯಾವುದು?" ನರಿ ಸಾರ್ ಕೇಳಿತು.

ಬೊಮ್ಮ ಎಂಬ ಮೊಲದ ಮರಿ ಉಸಿರು ಬಿಡದೆ ಒಪ್ಪಿಸಿತು: "ಕೊರಕಲು ಸಾರ್. ಹತ್ತಿರ ಸಾರ್, ನೆರಳು ಸಾರ್. ಕೊರಕಲಲ್ಲಿ ಸದ್ದು ಮಾಡಬಾರದು, ನಿಲ್ಲಬಾರದು, ಹಿಂದಕ್ಕೆ ತಿರುಗಬಾರದು ಸಾರ್."

"ಪಾಸು."

ಜಿಂಕೆ ಮರಿ ಅದನ್ನೇ ಹೇಳಿತು. ಹಂದಿ ಮರಿಯೂ ಅದನ್ನೇ ಹೇಳಿತು. ತಾಯಂದಿರು ತಲೆದೂಗಿದರು. ಕೆಂಚಿಯ ಸರದಿ ಬಂತು.

"ಒಳ್ಳೇ ದಾರಿ ಯಾವುದು?"

"ಆವತ್ತು ಗಾಳಿ ಎತ್ತಲಿಂದ ಬೀಸ್ತಿರತ್ತೆ ಸಾರ್?"

"ಇದು ದಾರಿ ಪಾಠ. ಗಾಳಿ ಪಾಠ ಮುಗಿದುಹೋಯ್ತು."

"ಪಾಠ ಮುಗಿದರೆ ಗಾಳಿ ನಿಂತುಹೋಗತ್ತಾ ಸಾರ್?"

ಬೊಮ್ಮ ಕಿಸಕ್ಕನೆ ನಕ್ಕಿತು. ನರಿಯ ಕಿವಿ ಹಿಂದಕ್ಕೆ ಹೋಯಿತು.

"ಬೇಸಿಗೇಲಿ ಗಾಳಿ ನಮ್ಮ ಕಡೆಯಿಂದ ಹೊಳೆ ಕಡೆಗೆ ಬೀಸತ್ತೆ," ಕೆಂಚಿ ಬಿಡಲಿಲ್ಲ. "ಕೊರಕಲಲ್ಲಿ ಹೋದರೆ ಗಾಳಿ ಬಾಲಕ್ಕೆ ಬಡಿಯತ್ತೆ. ಮುಂದೆ ಯಾರು ಕೂತಿದ್ದರೂ ನಮಗೆ ವಾಸನೆ ಬರಲ್ಲ, ನಮ್ಮ ವಾಸನೆ ಅವರಿಗೆ ಹೋಗತ್ತೆ. ಅಜ್ಜಂದಿರ ಕಾಲದ ಬರದಲ್ಲಿ ಜಿಂಕೆ ಹಿಂಡು ಅಲ್ಲೇ ಇಳಿದು ಅಲ್ಲೇ ಕೆಟ್ಟಿತು. ಅದೂ ಪಾಠದಲ್ಲಿತ್ತು. ಇನ್ನೊಂದು. ಕೊರಕಲ ಬಾಯಲ್ಲಿ ದಿನಾ ಕಾಡುಕೋಳಿ ಕೂಗ್ತಿತ್ತು. ಈಗ ಕೂಗ್ತಿಲ್ಲ. ಯಾಕೆ ಸಾರ್?"

"ವಿಜ್ಞಾನ, ಚರಿತ್ರೆ, ಭಾಷೆ, ಎಲ್ಲಾ ಒಂದೇ ಉತ್ತರದಲ್ಲಿ ಕಲಸಿದ್ದೀಯ. ಅದು ಉತ್ತರ ಅಲ್ಲ, ಗಂಜಿ," ಎಂದಿತು ನರಿ. "ಫೇಲು."

ಗೌಡರು ಗಂಟಲು ಸರಿಮಾಡಿಕೊಂಡರು. "ಕಟ್ಟಳೆ ಗೊತ್ತಲ್ಲಮ್ಮ. ಫೇಲಾದವರು ಹೊರಡೋ ಹಾಗಿಲ್ಲ. ಇಲ್ಲೇ ಹೊಂಡದ ಹತ್ರ ಇರಬೇಕು."

ಹೊಂಡದಲ್ಲಿ ಉಳಿದದ್ದು ಎಮ್ಮೆಗೊರಸು ಮುಳುಗುವಷ್ಟು ನೀರು. ಅದು ಎಲ್ಲರಿಗೂ ಗೊತ್ತಿತ್ತು.

ಸಂಜೆ ತಾಯಿ ಮುಂಗುಸಿ ಕೆಂಚಿಯ ಮೈ ನೆಕ್ಕುತ್ತ ಹೇಳಿತು: "ಒಂದು ಮಾತು ಕಣೇ. ನಾಳೆ ಹೋಗಿ ಕೊರಕಲು ಸಾರ್ ಅಂದುಬಿಡು. ನಾಲಿಗೆ ಏನು ಸವೆಯತ್ತಾ?"

"ಅಂದರೆ ಎಲ್ಲರೂ ಕೊರಕಲಿಗೇ ಹೋಗ್ತಾರಲ್ಲವ್ವ."

"ನೀನು ಅನ್ನದಿದ್ದರೂ ಹೋಗ್ತಾರೆ."

"ಹೋಗಲಿ. ನನ್ನ ಬಾಯಿಂದ ಹೋಗೋದು ಬೇಡ."

"ಬಾಯಾರಿ ಸಾಯ್ತೀಯ."

ಕೆಂಚಿ ಒಡೆದ ಕೆಸರನ್ನು ನೋಡಿತು. ಹೆದರಿಕೆ ಆಗಿತ್ತು. ಆದರೂ ಹೇಳಿತು: "ಸುಳ್ಳು ಹೇಳಿ ಕುಡಿದ ನೀರು ಇಳಿಯಲ್ಲವ್ವ."

ತಾಯಿ ಮತ್ತೆ ಮೈ ನೆಕ್ಕಿತು. "ನಿಮ್ಮಪ್ಪನೂ ಹಿಂಗೇ," ಎಂದಿತು. ಬೈದದ್ದೋ ಹೊಗಳಿದ್ದೋ, ಕೆಂಚಿಗೆ ತಿಳಿಯಲಿಲ್ಲ.

ಹೊರಡುವ ದಿನ ಹಿಂಡು ಕೊರಕಲಿನ ಬಾಯಿಗೆ ಬಂದು ನಿಂತಿತು. ನೆತ್ತಿಯ ಮೇಲೆ ಬಿಸಿಲು. ಒಳಗೆ ಕತ್ತಲೆ. ನರಿ ಸಾರ್ ಮರಿಗಳನ್ನು ಮುಂದೆ ಸಾಲು ಮಾಡಿತು. ತಾನು ಹಿಂದಕ್ಕೆ ಸರಿಯಿತು.

ಸಾಲಿನ ಮುಂದೆ ದಾರಿಗೆ ಅಡ್ಡವಾಗಿ ಕೆಂಚಿ ಕೂತಿತ್ತು. ಬಾಲ ಸೀಗೇಕಾಯಿ ಪೊದೆಯ ಹಾಗೆ ಸೆಟೆದಿತ್ತು.

"ಎದ್ದೇಳು," ಎಂದರು ಗೌಡರು. "ಫೇಲಾದವಳಿಗೆ ಇಲ್ಲೇನು ಕೆಲಸ?"

"ಫೇಲಾದವಳು ಹೊರಡಬಾರದು ಅಂತ ಕಟ್ಟಳೆ. ಕೂರಬಾರದು ಅಂತ ಇಲ್ಲ."

"ತುಳಿದುಕೊಂಡು ಹೋಗ್ತೀವಿ," ಎಂದಿತು ನರಿ ಹಿಂದಿನಿಂದ.

"ತುಳೀರಿ. ಮೊದಲು ಇದನ್ನ ನೋಡಿ."

ಕೆಂಚಿ ಬೂರುಗದ ಹತ್ತಿ ಒಂದೆಳೆ ಬಿಟ್ಟಿತು. ಹತ್ತಿ ನೇರ ಕೊರಕಲೊಳಗೆ ತೇಲಿಹೋಯಿತು. ಜಿಂಕೆ ಮರಿಯ ಕಿವಿ ನಿಮಿರಿತು. ಬೊಮ್ಮ ಮೂಗು ಅಲುಗಿಸಿತು. ಏನೂ ವಾಸನೆ ಬರಲಿಲ್ಲ. ಆಗ ಅದಕ್ಕೂ ನಗು ಬರಲಿಲ್ಲ.

"ಗೌಡ್ರೇ, ಕಟ್ಟಳೆ ಅಂದರೆ ಕಟ್ಟಳೆ ಅಲ್ವಾ?" ಕೆಂಚಿ ಕೇಳಿತು.

"ಅಲ್ಲದೆ ಮತ್ತೆ?"

"ಈ ದಾರಿ ಹೇಳಿಕೊಟ್ಟವರು ಯಾರು?"

"ಸಾರ್," ಎಂದವು ಮರಿಗಳೆಲ್ಲ ಒಟ್ಟಿಗೆ. ಒಟ್ಟಿಗೆ ಹೇಳುವುದನ್ನು ಚೆನ್ನಾಗಿ ಕಲಿತಿದ್ದವು.

"ಹಾಗಾದರೆ ಸಾರ್ ಮುಂದೆ ನಡೀಲಿ."

ನರಿ ಅತ್ತಿತ್ತ ನೋಡಿತು. ಈ ಕಟ್ಟಳೆ ಅದಕ್ಕೆ ಗೊತ್ತೇ ಇರಲಿಲ್ಲ. ಮುಸುವಪ್ಪ ಮೇಷ್ಟ್ರು ಅದನ್ನು ಹೇಳಿದ ದಿನ ಅದು ಏಡಿ ಹಿಡಿಯಲು ಹೋಗಿತ್ತು.

"ನಾನು ಹಿಂದೆ ಇದ್ದು ಮಕ್ಕಳನ್ನ ನೋಡ್ಕೋತೀನಿ ಗೌಡ್ರೇ."

"ಕಟ್ಟಳೆ ಇರೋದು ಮುಂದೆ ಅಂತ," ಎಂದರು ಗೌಡರು.

"ಕಾಲು ಉಳುಕಿದೆ."

"ಈಗ ತಾನೇ ಕುಣೀತಾ ಬಂದೆಯಲ್ಲ," ಎಂದಿತು ತಾಯಿ ಮುಂಗುಸಿ. ಅದೂ ಮಗಳ ಪಕ್ಕ ಬಂದು ಕೂತಿತ್ತು.

ಗೌಡರು ಕೆಟ್ಟವರಲ್ಲ. ಕಟ್ಟಳೆ ಬಿಟ್ಟು ಬೇರೇನೂ ತಿಳಿಯದವರು. ಕೆಂಚಿಯನ್ನು ತಡೆದ ಕಟ್ಟಳೆ ನರಿಯನ್ನು ಬಿಡಬೇಕು ಎಂದು ಅವರಿಗೆ ಅನ್ನಿಸಲಿಲ್ಲ. ನರಿಯ ಹಿಂದೆ ಹಣೆ ತಗ್ಗಿಸಿ ನಿಂತರು. ಆ ಋತುವಿನಲ್ಲಿ ಅವರ ಕೊಂಬು ಉದುರಿತ್ತು. ಹಣೆಯೇ ಸಾಕಾಗಿತ್ತು.

ನರಿ ಒಳಗೆ ಕಾಲಿಟ್ಟಿತು. ಎರಡು ಹೆಜ್ಜೆಗೆ ಒಮ್ಮೆ ಜೋರಾಗಿ ಕೆಮ್ಮಿತು.

"ಕೊರಕಲಲ್ಲಿ ಸದ್ದು ಮಾಡಬಾರದು ಸಾರ್," ಬೊಮ್ಮ ಹೊರಗಿನಿಂದ ಹೇಳಿತು.

ನರಿ ನಿಂತಿತು.

"ನಿಲ್ಲಬಾರದು ಸಾರ್," ಎಂದಿತು ಜಿಂಕೆ ಮರಿ.

ನರಿ ತಿರುಗಿತು. ಗೌಡರ ಹಣೆ ಎದುರಿಗಿತ್ತು.

"ಹಿಂದಕ್ಕೆ ತಿರುಗಬಾರದು ಸಾರ್," ಎಂದವು ಮರಿಗಳೆಲ್ಲ.

ನರಿ ಮುಂದೆ ಹೋಯಿತು. ಒಣಗಿದ ಎಲೆ ಚರಕ್ ಎಂದಿತು. ಬಂಡೆಯ ಮರೆಯಿಂದ ಏನೋ ಹಳದಿ ಹಾರಿತು. ಧೂಳು ಎದ್ದಿತು. ನರಿಯ ಊಳು ಗುಡ್ಡದ ಉದ್ದಕ್ಕೂ ಹರಿಯಿತು.

"ಮಾವ, ನಾನು ಮಾವ, ನಾನೇ!"

"ನೀನು ಯಾಕೋ ಮುಂದೆ ಬಂದೆ?" ಚಿರತೆಯ ದನಿ ಕತ್ತಲೆಯಿಂದ ಬಂತು. "ತಲೆ ಎತ್ತಬೇಡ, ನೋಡಬೇಡ, ಮೊದಲ ಹೆಜ್ಜೆ ಸದ್ದಿಗೇ ಹಾರು ಅಂತ ಹೇಳಿದವನು ನೀನೇ ಅಲ್ವೇನೋ?"

"ನನ್ನ ವಾಸನೆ ಗೊತ್ತಾಗಲಿಲ್ವಾ ಮಾವ?"

"ಇಡೀ ಕಾಡಿನ ವಾಸನೆ ಒಟ್ಟಿಗೆ ಬೀಸ್ತಿದೆ. ನಿನ್ನದೊಂದನ್ನ ಎಲ್ಲಿ ಹುಡುಕಲಿ?"

ಕೊರಕಲಿನ ಬಾಯಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸಿತು. ಹಿಂಡು ಗುಡ್ಡದ ಕಡೆಗೆ ಚದುರಿ ಓಡಿತು. ಗುಟ್ಟು ಬಯಲಾದ ಮೇಲೆ ಬೆಳಕಿಗೆ ಬಂದು ಹಿಂಡನ್ನು ಅಟ್ಟುವ ಮನಸ್ಸು ಚಿರತೆಗೆ ಇರಲಿಲ್ಲ. ಕೈಗೆ ಸಿಕ್ಕ ನರಿಯ ಮೇಲೆ ಸಿಟ್ಟು ತೀರಿಸಿಕೊಂಡಿತು. ನರಿ ಅರ್ಧ ಬಾಲ ಅಲ್ಲೇ ಬಿಟ್ಟು ಆಚೆ ಬಾಯಿಂದ ಓಡಿತು. ಮುತ್ತುಗದ ಹೂವಿನ ಸರ ಎಲ್ಲಿ ಬಿತ್ತೋ ಗೊತ್ತಿಲ್ಲ. ಆ ಕಾಡಿನಲ್ಲಿ ನರಿಯನ್ನು ಮತ್ತೆ ಯಾರೂ ನೋಡಲಿಲ್ಲ.

ಗುಡ್ಡದ ಬುಡದಲ್ಲಿ ಎಲ್ಲರೂ ಸೇರಿದರು. ಯಾವ ಮರಿಯೂ ಕಳೆದಿರಲಿಲ್ಲ. ಅಲ್ಲಿನ ಬೂರುಗದ ಮರದ ಮೇಲೆ ಮುಸುವಪ್ಪ ಮೇಷ್ಟ್ರು ಕೂತಿದ್ದರು. ಗೌಡರು ತಲೆ ತಗ್ಗಿಸಿದರು.

"ಮೇಷ್ಟ್ರೇ, ತಪ್ಪಾಯ್ತು. ನೀವೇ ಮುಂದೆ ನಡೀರಿ."

"ಈ ಸಲ ದಾರಿ ಹೇಳಿದ್ದು ನಾನಲ್ಲ," ಎಂದರು ಮೇಷ್ಟ್ರು. ಕೆಂಚಿಯ ಕಡೆ ನೋಡಿದರು. "ಕಟ್ಟಳೆ. ನಡಿ."

ಗೌಡರು ಅವಸರದಿಂದ, "ಕೆಂಚಮ್ಮ, ನೀನು ಪಾಸು," ಎಂದರು.

"ಪಾಸು ಆಮೇಲೆ ಕೊಡಿ ಗೌಡ್ರೇ. ಮೊದಲು ನೀರು," ಎಂದಿತು ಕೆಂಚಿ.

ಹಿಂದೆ ಇಡೀ ಕಾಡು ನಿಂತಿತ್ತು. ಮುಂದೆ ಕಲ್ಲು, ಬಿಸಿಲು, ದೊಡ್ಡ ಬಳಸು. ಕೆಂಚಿ ನೆತ್ತಿಯ ದಾರಿ ಹತ್ತಿತು. ದಾರಿ ಗುಡ್ಡವನ್ನೂ ಮಡುವನ್ನೂ ಬಳಸಿ, ಆಚೆ ದಿಕ್ಕಿನಿಂದ ಹಿಂದಕ್ಕೆ ಹೊಳೆಯ ಕಡೆ ತಿರುಗಿದಾಗ ಹತ್ತಿಯ ಕಡೆಯ ಎಳೆಯನ್ನು ಬಿಟ್ಟಿತು. ಎಳೆ ಹಿಂದಕ್ಕೆ ತೇಲಿ ಬೊಮ್ಮನ ಮೂತಿಗೆ ಅಂಟಿತು. ಗಾಳಿ ಕೆಂಚಿಯ ಮೂಗಿಗೆ ಬಡಿಯುತ್ತಿತ್ತು. ಅದರಲ್ಲಿ ನೀರಿನ ವಾಸನೆ ಇತ್ತು.

ನೀತಿ: ತಾನು ನಡೆಯಲೊಲ್ಲದ ದಾರಿಯನ್ನು ತೋರಿಸುವವನಿಗೆ ತಲೆಯಾಡಿಸಬೇಡ; ಕಲಿತದ್ದನ್ನೆಲ್ಲ ಕೂಡಿಸಿ ನೋಡಿ, ಆಮೇಲೆ ಹೆಜ್ಜೆ ಇಡು.