ಹೊಸ್ತಿಲಲ್ಲಿ ಉಳಿದ ಹೆಸರು

ಮೊದಲು ವಿಘ್ನ ಕಳೆಯುವ ಗಣಪನಿಗೆ ಕೈಮುಗಿಯೋಣ. ಆಮೇಲೆ ಬನದೊಳಗೆ ಕೂತು ಲೋಕವನ್ನೆಲ್ಲ ತೊಟ್ಟಿಲ ಹಾಗೆ ತೂಗುವ ತಾಯಿ ಬನಶಂಕರಿಗೆ. ಮಾತು ಕೊಟ್ಟವಳು ಅವಳು, ಮಾತು ಬಾರದವರ ಮನಸ್ಸು ಕೇಳುವವಳೂ ಅವಳೇ. ಕೈ ಮುಗಿದೆಯಾ ಕೂಸೇ? ಹಾಂ, ಕೌದಿ ಎಳೆದುಕೋ, ಕಣ್ಣು ಮುಚ್ಚಿಕೊಂಡೇ ಕೇಳು.

ಒಂದಾನೊಂದು ಕಾಲದಲ್ಲಿ, ಹೊಳೆಯ ಈಚೆ ದಂಡೆಯ ನೇಕಾರರ ಓಣಿಯಲ್ಲಿ ಸಿದ್ರಾಮ ಅನ್ನೋ ನೇಕಾರ ಇದ್ದನಂತೆ. ಮನೆಯಲ್ಲಿ ಅವನು, ಅವನ ತಾಯಿ, ಇಬ್ಬರೇ. ಅವನು ನೀಲವ್ವ ಅನ್ನೋ ಹುಡುಗಿಯನ್ನ ಮದುವೆಯಾಗಿ ಕರೆದುಕೊಂಡು ಬಂದನಂತೆ. ನೀಲವ್ವ ಬೆಳಗಾಗೆದ್ದು ಬೀಸುಕಲ್ಲಿನ ಮುಂದೆ ಕೂತು ತಾಯಿ ಬನಶಂಕರಿಯ ಮೇಲೆ ಹಾಡಿದರೆ ಜಂತಿಯ ಮೇಲಿನ ಗುಬ್ಬಿಗಳೂ ಸುಮ್ಮನಾಗುತ್ತಿದ್ದವಂತೆ. ಆದರೆ ನಾಲ್ಕು ಜನ ಎದುರಿಗೆ ಬಂದು ನಿಂತರೆ ಸಾಕು, ನಾಲಿಗೆ ಒಣಗಿ, ಕಣ್ಣಲ್ಲಿ ನೀರೊಂದೇ ಬರುತ್ತಿತ್ತಂತೆ.

ಆ ಕಡೆ ಒಂದು ಪದ್ಧತಿ. ಹೆಂಡತಿಯಾದವಳು ಗಂಡನ ಹೆಸರನ್ನ ಬರಿದೇ ಹೇಳುವ ಹಾಗಿಲ್ಲ, ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಅಂತ ಅಂಜಿಕೆ. ಹೇಳಲೇಬೇಕಾದರೆ ಒಡಪು ಕಟ್ಟಬೇಕು, ಅಂದರೆ ಹಾಡಿನಂಥ ಎರಡು ಮಾತಿನೊಳಗೆ ಹೆಸರನ್ನ ಸುತ್ತಿ ಕೊಡಬೇಕು. ಹೊಸ ಸೊಸೆ ಹೊಸ್ತಿಲಲ್ಲಿ ನಿಂತು ಒಡಪು ಹೇಳಿದ ಮೇಲೇ ಒಳಗೆ ಬಿಡೋದು. ನೀಲವ್ವ ನಿಂತಳು, ನಿಂತಳು, ತಲೆಯ ಮೇಲಿನ ಅಕ್ಕಿಕಾಳು ಉದುರಿದವೇ ಹೊರತು ಬಾಯಿಂದ ಒಂದು ಮಾತು ಉದುರಲಿಲ್ಲವಂತೆ. ಪಕ್ಕದ ಮನೆಯ ಫಕೀರವ್ವ, ಬಾಯಿ ಅಂದರೆ ಬಾಯಿ ಅವಳದು, ಸಿದ್ರಾಮ ಮಾತು ಬರದ ಮೂಗೀನ ತಂದಾನ ನೋಡ್ರೆ, ಇನ್ನ ಆ ಮನ್ಯಾಗ ಜಗಳದ ಚಿಂತಿ ಇಲ್ಲ ಅಂದಳಂತೆ. ಓಣಿಯೆಲ್ಲ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಇರಲಿ ಬಿಡವ್ವ, ಈ ಹೆಸರು ಈ ಹೊಸ್ತಿಲದಾಗ ಬಾಕಿ ಇರಲಿ ಅಂತ ಕೈಹಿಡಿದು ಒಳಗೆ ಕರೆದುಕೊಂಡಳಂತೆ.

ಆಮೇಲೆ ನಾಗರಪಂಚಮಿ ಬಂತು. ಜೋಕಾಲಿ ಹತ್ತಿದವರೆಲ್ಲ ಒಡಪು ಹೇಳಬೇಕು. ನೀಲವ್ವ ಹತ್ತಿದಳು, ಜೀಕಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿ ಇಳಿದು ಮನೆಗೆ ಓಡಿಬಿಟ್ಟಳಂತೆ. ಅದು ಎರಡನೇ ಸಲ.

ಆಮೇಲೆ ಏನಾಯ್ತು ಅಂದರೆ, ಸಿದ್ರಾಮ ನೇಯ್ದ ಸೀರೆ ಹೊತ್ತುಕೊಂಡು ಅರಸನ ಕೋಟೆಯ ಸಂತೆಗೆ ಹೋದನಂತೆ, ಜೊತೆಗೆ ಫಕೀರವ್ವನ ಗಂಡ. ಅದೇ ದಿನ ಪರರಾಜ್ಯದ ಗೂಢಚಾರರು ಸಂತೆಯೊಳಗೆ ಹೊಕ್ಕಿದ್ದಾರೆ ಅಂತ ಸುದ್ದಿಯಾಗಿ, ಕಾವಲಿನವರು ಪರವೂರಿನ ಗಂಡಸರನ್ನೆಲ್ಲ ಹಿಡಿದು ಕೂರಿಸಿದರಂತೆ. ಅರಸ ಡಂಗುರ ಹೊಡೆಸಿದ, ಹೆತ್ತವರೋ ಒಡಹುಟ್ಟಿದವರೋ ಕೈಹಿಡಿದವರೋ ನಾಳೆ ಹೊತ್ತು ಮುಳುಗುವುದರೊಳಗೆ ಬಂದು ತಮ್ಮವನ ಹೆಸರನ್ನ ತುಂಬಿದ ಸಭೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಅವನೇ ಮೊದಲು ಹೇಳಿದ ಹೆಸರಿಗೆ ಅದು ತಾಳೆಯಾದರೆ ಬಿಡುಗಡೆ. ಯಾರೂ ಹೇಳದಿದ್ದವನು ಹೊಳೆಯಾಚೆ ಗಡಿಪಾರು, ತಿರುಗಿ ಬಂದರೆ ತಲೆದಂಡ.

ಅತ್ತೆಯೇ ಹೋಗುತ್ತಿದ್ದಳು, ಆದರೆ ಕಾಲು ಮುರಿದು ಬಿದಿರುಕಡ್ಡಿ ಕಟ್ಟಿಸಿಕೊಂಡು ಮಲಗಿದ್ದಳಂತೆ. ನೀಲವ್ವ ಅವಳ ಹಾಸಿಗೆಯ ಪಕ್ಕ ಕುಸಿದು ಕೂತು, ನನ್ನ ಕೈಲಿ ಆಗೂದಿಲ್ಲ ಅತ್ತಿ, ಓಣಿ ಮುಂದ ಬರದ ಮಾತು ಅರಸನ ಮುಂದ ಬಂದೀತೇನು ಅಂತ ಅತ್ತಳಂತೆ. ಅತ್ತೆ ಅವಳ ತಲೆ ಸವರಿ ಕೇಳಿದಳಂತೆ, ಬೀಸುವಾಗ ಯಾರಿಗೆ ಹಾಡ್ತಿ? ನೀಲವ್ವ ಅಂದಳು, ತಾಯಿಗೆ. ಅತ್ತೆ ಮತ್ತೆ ಕೇಳಿದಳು, ತಾಯಿ ನಮ್ಮ ಬೀಸುಕಲ್ಲಿನ ಹತ್ತಿರ ಅಷ್ಟೇ ಇರ್ತಾಳೇನು? ನೀಲವ್ವ ಕಣ್ಣೊರೆಸಿಕೊಂಡಳು. ಅಲ್ಲೂ ತಾಯಿಗೇ ಹೇಳು ಮಗಳೇ, ಜನ ಕೇಳಿಸಿಕೊಂಡರ ಕೇಳಿಸಿಕೊಳ್ಳಲಿ ಅಂದಳಂತೆ ಅತ್ತೆ.

ಸರಿ, ನೀಲವ್ವ, ಫಕೀರವ್ವ ಇಬ್ಬರೂ ಹೋದರು. ಸಭೆ ಅಂದರೆ ಎಂಥ ಸಭೆ ಕೂಸೇ, ಈಟಿ ಹಿಡಿದವರು, ಪೇಟ ಸುತ್ತಿದವರು, ನಡುವೆ ಎತ್ತರದಲ್ಲಿ ಅರಸ. ಒಂದು ಮೂಲೆಯಲ್ಲಿ ಕಂಬಗಳ ಕೆಳಗೆ ಹಿಡಿದು ತಂದ ಗಂಡಸರು. ಹೆತ್ತವರು, ಒಡಹುಟ್ಟಿದವರು ಬಂದು ಬಿಡಿಸಿಕೊಂಡ ಮೇಲೆ ಉಳಿದವರ ಹೆಂಡಂದಿರು ಈ ಕಡೆ, ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ, ಒಬ್ಬಳೂ ಮುಂದೆ ಹೋಗುವವಳಿಲ್ಲ. ಹೊತ್ತು ಇಳಿಯುತ್ತಾ ಬಂತು. ಫಕೀರವ್ವ ಸೆರಗು ಸಿಕ್ಕಿಸಿ ಧಿಮಾಕಿನಿಂದ ಮುಂದೆ ಹೋದಳು, ಅರಸನ ಮುಖ ನೋಡಿದಳು, ಬಾಯಿ ತೆರೆದಳು, ಹಾಗೇ ನಿಂತಳು. ತಿರುಗಿ ಬಂದು, ನೀಲೂ, ನನ್ನ ಬಾಯಿ ಎಲ್ಲಿ ಹೋತೆ ಅಂದಳಂತೆ.

ನೀಲವ್ವ ಅವಳನ್ನ ದಾಟಿ ಮುಂದೆ ಹೋದಳು. ಮೊದಲ ಸಲ ಬರೀ ಉಸಿರು ಬಂತು. ಕಾವಲಿನವರು ಮುಸಿಮುಸಿ ನಕ್ಕರು. ಎರಡನೇ ಸಲ ಸೊಳ್ಳೆಯಂಥ ದನಿ ಬಂತು. ಜೋರಾಗಿ ಅಂತ ಅರಸ ಅಂದ. ಆಗ ಅವಳು ಕಣ್ಣು ಮುಚ್ಚಿ, ನೆಲದ ಮೇಲೆ ಕೂತು, ಬೀಸುಕಲ್ಲಿನ ಗೂಟ ಹಿಡಿದವಳ ಹಾಗೆ ಬರಿಗೈಯನ್ನ ಸುತ್ತಿಸತೊಡಗಿದಳಂತೆ. ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ ಎದುರಿಗೆ ಅರಸ ಇರಲಿಲ್ಲ, ಸಭೆ ಇರಲಿಲ್ಲ, ತಾಯಿ ಒಬ್ಬಳೇ ಕೂತಿದ್ದಳು. ದನಿ ತಾನೇ ಬಂತು.

ಬೀಸಿದ ಬಿಳಿಜೋಳ ಹಿಟ್ಟಾಗಿ ಬಿತ್ತು ಹೂವಾಗಿ,
ಅರಸರು ಕೇಳ್ಯಾರ ನನ್ನವರ ಹೆಸರ ತಾವಾಗಿ.
ಬನಶಂಕರಿ ಕೊಟ್ಟ ತಾಳಿ ಐತಿ ನನ್ನ ಕೊರಳಾಗ,
ಸಿದ್ರಾಮರಾಯರು ಕುಂತಾರ ನೋಡ್ರಿ ಕಂಬದ ನೆರಳಾಗ.

ಹಿಂದಿನ ಸಾಲಿನ ಮುದುಕನಿಗೂ ಕೇಳಿಸಿತಂತೆ. ಸಿದ್ರಾಮ ಎದ್ದು ನಿಂತ, ಅವನ ಕಣ್ಣು ತುಂಬಿತ್ತು. ಹೆಸರು ತಾಳೆಯಾಯ್ತು, ಬಿಡ್ರಿ ಅವನನ್ನ ಅಂದ ಅರಸ. ಅಷ್ಟಾದದ್ದೇ ತಡ, ಫಕೀರವ್ವ ನುಗ್ಗಿ ಬಂದಳು.

ಒಲಿ ಮ್ಯಾಲ ಸಾರು ಉಕ್ಕಿ ಕೆಳಗಿನ ಬೆಂಕಿ ಆರೇತಿ,
ಯಮನಪ್ಪನವರ ಮೋತಿ ನೋಡಾಕ ಜೀವ ಬಾಯಿಗೆ ಬಂದೇತಿ.

ಗಂಡನ ಮುಖಕ್ಕೆ ಮೋತಿ ಅಂದದ್ದು ಕೇಳಿ ಅರಸನಿಗೇ ನಗು ತಡೆಯಲಾಗಲಿಲ್ಲವಂತೆ. ಆಮೇಲೆ ಒಬ್ಬಳ ಹಿಂದೆ ಒಬ್ಬಳು, ಸೆರಗು ಬಾಯಿಂದ ತೆಗೆದು ಎಲ್ಲರೂ ಬಂದರು. ಹೊತ್ತು ಮುಳುಗುವ ಮೊದಲೇ ಆ ಮೂಲೆಯೆಲ್ಲ ಖಾಲಿಯಾಯ್ತು. ಗೂಢಚಾರರು ಇಬ್ಬರೇ ಉಳಿದರು, ಹೆಸರು ಹೇಳುವವರಿಲ್ಲದೆ. ಅರಸ ಅವರಿಗೂ ಒಂದು ಹೊತ್ತು ಊಟ ಹಾಕಿಸಿಯೇ ಹೊಳೆ ದಾಟಿಸಿದನಂತೆ, ದೇವರಂಥವನು.

ಆಮೇಲೆ ನೀಲವ್ವ ಗಂಡನ ಜೊತೆ ಮನೆಗೆ ಬಂದಳು. ನೋಡಿದರೆ ಅತ್ತೆ ಮುರಿದ ಕಾಲಲ್ಲೇ ಗೋಡೆ ಹಿಡಿದು ತೆವಳಿ ಬಂದು, ಹೊಸ್ತಿಲಿಗೆ ಅಡ್ಡ ಕೈಚಾಚಿ ಕೂತಿದ್ದಾಳಂತೆ. ಅಂದಿನ ಬಾಕಿ ಕೊಟ್ಟು ಒಳಗೆ ಬಾ ಅಂದಳು. ಓಣಿಯೆಲ್ಲ ನೆರೆದಿತ್ತು. ನೀಲವ್ವ ಈ ಸಲ ಕಣ್ಣು ಮುಚ್ಚಲಿಲ್ಲ.

ಹೊಸ್ತಿಲಿಗೆ ಅರಿಷಿಣ, ಹಣಿತುಂಬ ಕುಂಕುಮ,
ಸಿದ್ರಾಮರಾಯರ ಕರಕೊಂಡು ಬಂದೇನಿ, ದಾರಿ ಬಿಡ್ರಿ ಅತ್ತಿಯಮ್ಮ.

ಅತ್ತೆ ದಾರಿ ಬಿಟ್ಟಳು. ಮರುದಿನ ಬೆಳಗ್ಗೆ ಬೀಸುಕಲ್ಲಿನ ಹಾಡು ಓಣಿಗೆಲ್ಲ ಕೇಳಿಸಿತಂತೆ, ಮೂವರೂ ಉಂಡುಟ್ಟು ಸುಖವಾಗಿ ಇದ್ದರಂತೆ. ಕತೆ ಮುಗೀತು, ನಿನ್ನ ಕಣ್ಣಿಗೂ ನಿದ್ದೆ ತುಂಬಿ ಬಂತು. ಕೇಳಿದ ನಿನಗೂ, ಗೋಡೆಯಾಚೆ ಕಿವಿಗೊಟ್ಟವರಿಗೂ, ನಾಲ್ಕು ಜನರ ಮುಂದೆ ನಿಲ್ಲುವ ದಿನ ಬಂದಾಗ ತಾಯಿ ಬಂದು ಎದುರಿಗೆ ಕೂತಿರಲಿ. ಎಲ್ಲರ ಮನೆಯ ಹೊಸ್ತಿಲು ತಂಪಾಗಿರಲಿ.